ಒಂದು ಪಾತ್ರೆಗೆ ಒಂದೇ ನಾಲಿಗೆ

ಏಪ್ರಿಲ್ 27, 2021, ಮಂಗಳವಾರ

ಕಾಫಿ ಡಬ್ಬಿಯನ್ನು ಇವತ್ತು ಗ್ಯಾರೇಜಿಗೆ ಸಾಗಿಸಿದೆ. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿಟ್ಟಿದ್ದರೂ ಅಡುಗೆಮನೆಗೆ ಕಾಲಿಟ್ಟ ತಕ್ಷಣ ಅದೇ ನಾತ. ಗೋಡೆ ಸಂದಿಯಲ್ಲಿ ಇಲಿ ಸತ್ತು, ಅದರ ಮೇಲೆ ಯಾರೋ ರಬ್ಬರ್ ಸುಟ್ಟ ಹಾಗೆ. ಇನ್ನು ಮೇಲೆ ರೂಫಸ್ ಬಸ್ ಡ್ಯೂಟಿಗೆ ಹೋಗುವ ಮುಂಚೆ ಅಲ್ಲೇ, ಹಳೇ ಟೈರುಗಳ ಮಧ್ಯೆ ನಿಂತು ಕುಡಿಯಬೇಕು. "ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ಕಾರಿನ ಜೊತೆ ಕಾಫಿ ಕುಡಿಯೋ ಯೋಗ ಬಂತು ನೋಡು" ಅಂದ. ನಗಿಸುವುದಕ್ಕೆ ಅಂದದ್ದು. ನಗು ಬರಲಿಲ್ಲ. ಅವನ ಕತ್ತಿನಿಂದಲೂ ಅದೇ ನಾತ ಬರುತ್ತದೆ ಎಂದು ಅವನಿಗೆ ಹೇಳಿಲ್ಲ. ಗೋಡೆ ಕಡೆ ತಿರುಗಿ ಮಲಗುತ್ತೇನೆ. ಬೆನ್ನುನೋವು ಎಂದಿದ್ದೇನೆ.

ಜನವರಿಯಲ್ಲಿ ಕೊರೊನ ಬಂತು, ಹೋಯಿತು. ಸತ್ತಿದ್ದ ಮೂಗು ಮಾರ್ಚಿನಲ್ಲಿ ವಾಪಸ್ ಬಂತು. ಬಂದದ್ದು ನನ್ನ ಮೂಗಲ್ಲ, ಯಾವುದೋ ಚರಂಡಿಯ ಮೂಗು. ನರ ಮತ್ತೆ ಬೆಳೆಯುವಾಗ ಅಡ್ಡಾದಿಡ್ಡಿ ಜೋಡಣೆಯಾಗುತ್ತೆ, ತಾನಾಗಿ ಸರಿಹೋಗುತ್ತೆ ಎಂದರು ಡಾಕ್ಟರು. ಯಾವಾಗ ಅಂದರೆ ಭುಜ ಕುಣಿಸಿದರು. ಈರುಳ್ಳಿ, ಬೆಳ್ಳುಳ್ಳಿ, ಸುಟ್ಟ ಮಾಂಸ, ಹೊಗೆ, ಎಲ್ಲ ಕೊಳೆತ ಹೆಣ. ಅಂದರೆ ನನಗೆ ಬರುವ ಒಂದೇ ಒಂದು ವಿದ್ಯೆ ಏನಿದೆಯೋ ಅದೇ ಈಗ ಕೊಳೆತ ಹೆಣ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹೋಟೆಲಿನ ಲಾಂಡ್ರಿಯಲ್ಲಿ ಚಾದರ ಮಡಿಸುತ್ತೇನೆ. ಅಲ್ಲಿ ನನ್ನ ಹೆಸರೂ ಯಾರಿಗೂ ನೆನಪಿರುವುದಿಲ್ಲ. ಆದರೆ ಚರ್ಚಿನಲ್ಲಿ ಎಲ್ಲರಿಗೂ ಗೊತ್ತು, ಸುಟ್ಟ ಮಾಂಸಕ್ಕೆ ಹಚ್ಚುವ ಸಾಸ್ ಅಂದರೆ ಸಿಸ್ಟರ್ ವರ್ಲೀನ್. ಯೂಲ ಅತ್ತೆ ತಮ್ಮ ನೀಲಿ ಚುಕ್ಕೆಯ ಎನಾಮಲ್ ಪಾತ್ರೆಯನ್ನು ನನ್ನ ಕೈಗೆ ಕೊಟ್ಟ ದಿನ ಹೇಳಿದ್ದು ಒಂದೇ ಮಾತು: ಒಂದು ಪಾತ್ರೆಗೆ ಒಂದೇ ನಾಲಿಗೆ. ಮಾಡುವವಳು ಬಿಟ್ಟು ಬೇರೆ ಯಾರೂ ಚಮಚ ಅದ್ದಕೂಡದು. ಗಂಡನೂ ಕೂಡ. ಹತ್ತು ಜನರ ರುಚಿ ಬೆರೆತರೆ ಸಾಸಿಗೆ ಮುಖ ಇರಲ್ಲ ಎನ್ನುತ್ತಾರೆ. ಅದಕ್ಕೆ ಅಳತೆಯೂ ಇಲ್ಲ, ಬರೆದಿಟ್ಟದ್ದೂ ಇಲ್ಲ.

ನನ್ನ ನಾಲಿಗೆ ಹೋಗಿದೆ ಎಂದು ಅತ್ತೆಗೆ ತಿಳಿದರೆ ಪಾತ್ರೆ ವಾಪಸ್ ಕೇಳುತ್ತಾರೆ. ಕೇಳಿ ಯಾರಿಗೆ ಕೊಡುತ್ತಾರೆ? ಓರಗಿತ್ತಿ ಲವೀನಿಯಳಿಗೆ.

ಏಪ್ರಿಲ್ 29

ಗ್ಯಾಸ್ ಸೋರಿದರೆ ನನಗೆ ಗೊತ್ತಾಗುವುದಿಲ್ಲವಲ್ಲ. ಒಲೆಯ ನಾಬುಗಳನ್ನು ಮುಟ್ಟಿ ಮುಟ್ಟಿ ನೋಡುತ್ತೇನೆ. ಹಾಲು ಕೆಟ್ಟಿದೆಯೋ ಏನೋ ಎಂದು ಚೆಲ್ಲಿದೆ. ನಾನೇ ನಾರುತ್ತಿದ್ದರೆ? ಲಾಂಡ್ರಿಯಲ್ಲಿ ಇವತ್ತು ಪಕ್ಕದವಳು ಒಂದು ಹೆಜ್ಜೆ ಆಚೆ ಸರಿದು ನಿಂತಳು. ಬಂದು ಮತ್ತೆ ಸ್ನಾನ ಮಾಡಿದೆ. ಸೋಪೂ ನಾತ.

ಮೇ 2, ಭಾನುವಾರ

ಅತ್ತೆಯ ಮನೆಯಲ್ಲಿ ಊಟ. ನಮ್ಮ ಮನೆಯಿಂದ ಎರಡು ಬಾಗಿಲಾಚೆ. ಹೋದ ವರ್ಷ ಮೈದುನ ಡಾರ್ನೆಲ್ ತೀರಿಕೊಂಡ ಮೇಲೆ ಅವನ ಹೆಂಡತಿ ಲವೀನಿಯ ಕ್ಯಾರೊಲಿನದಿಂದ ಬಂದು ಅತ್ತೆಯ ಜೊತೆ ಇದ್ದಾಳೆ. ನೋಡಿಕೊಳ್ಳುವುದಕ್ಕಂತೆ. ನೋಡಿಕೊಳ್ಳುವುದಕ್ಕೆ ನಾನಿರಲಿಲ್ಲವೇ?

ಇವತ್ತು ಎದುರಿಗೇ ಕೂತಳು. ಸೊಪ್ಪಿನ ಮೇಲೆ ವಿನೆಗರ್, ಮೊಟ್ಟೆ ಮೇಲೆ ವಿನೆಗರ್, ಮಾಂಸದ ಮೇಲೆ ವಿನೆಗರ್. ತಟ್ಟೆಯಲ್ಲಿ ಕೆರೆ ಕಟ್ಟಿಕೊಂಡು ಅದರಲ್ಲಿ ಬ್ರೆಡ್ ಮುಳುಗಿಸಿ ಹೀರುತ್ತಾಳೆ. ಹೀರಿದ ಮೇಲೆ ಹಲ್ಲಿನ ಸಂದಿಯಿಂದ ಚ್ಸ್ ಎಂದು ಗಾಳಿ ಎಳೆಯುತ್ತಾಳೆ. ಆ ಸದ್ದಿಗೆ ನನ್ನ ಮೈಯೆಲ್ಲ ಮುಳ್ಳೇಳುತ್ತದೆ. ಐಸ್ ತುಂಡನ್ನು ನಾಯಿ ಮೂಳೆ ಕಡಿದಂತೆ ಕಡಿಯುತ್ತಾಳೆ. ಅವಳ ಕಡೆ ನೋಡಬಾರದೆಂದು ಉಪ್ಪಿನ ಡಬ್ಬಿಯನ್ನೇ ನೋಡುತ್ತಾ ಕೂತೆ.

ಮದುವೆಯಾಗಿ ಬಂದ ಹೊಸತರಲ್ಲಿ ಇವಳು ನನ್ನ ಸಾಸನ್ನು ಚಾಕುವಿನಿಂದ ಕೆರೆದು ತಟ್ಟೆಯ ಅಂಚಿಗೆ ತಳ್ಳಿ, "ಇದೇನಕ್ಕ, ಮಾಂಸಕ್ಕೆ ಜಾಮ್ ಹಚ್ಚಿದೀರ?" ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಅವರ ಕಡೆ ಹಂದಿಮಾಂಸಕ್ಕೆ ವಿನೆಗರ್ ಮತ್ತು ಮೆಣಸು ಬಿಟ್ಟರೆ ಇನ್ನೇನೂ ಹಾಕುವುದಿಲ್ಲವಂತೆ. ಅದನ್ನೂ ಸಾಸ್ ಎನ್ನುತ್ತಾರೆ. ಕಾಲು ತೊಳೆದ ನೀರು.

"ಒಂದು ತೊಟ್ಟು ಹಾಕ್ಕೋ ಅಕ್ಕ, ಸೇಬಿಂದು, ಮೂಸಿ ನೋಡು" ಎಂದು ಸೀಸೆಯನ್ನು ಮೂಗಿನ ಕೆಳಗೇ ಹಿಡಿದಳು. ಸೇಬೂ ಇಲ್ಲ, ಏನೂ ಇಲ್ಲ. ಸೂಜಿ ಚುಚ್ಚಿದ ಹಾಗಾಯಿತು, ಅಷ್ಟೆ. ನಾತವೂ ಬರಲಿಲ್ಲ ಎನ್ನುವುದನ್ನು ಈಗ ಬರೆಯುವಾಗ ಗಮನಿಸುತ್ತಿದ್ದೇನೆ.

ಮೇ 8, ಶನಿವಾರ

ಬ್ರದರ್ ಹಾಲಿಸ್ ಅವರ ಮಣ್ಣು ಮುಗಿಸಿ ಬಂದವರಿಗೆ ಚರ್ಚಿನ ಅಂಗಳದಲ್ಲಿ ಊಟ. ಸಾಸ್ ನಾನು ಮಾಡಿದೆ. ಮಾಡುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ.

ಮೂಗಿಗೆ ಬಟ್ಟೆ ಕ್ಲಿಪ್ ಹಾಕಿಕೊಂಡು ನಿಂತೆ. ಕೈಗೆ ಎಲ್ಲ ಗೊತ್ತಲ್ಲ ಎಂದುಕೊಂಡೆ. ಈರುಳ್ಳಿ ಹುರಿದೆ, ಟೊಮೆಟೊ ಕೆಚಪ್ ಸುರಿದೆ, ಕಂದು ಸಕ್ಕರೆ, ಕಾಕಂಬಿ, ಸಾಸಿವೆ, ಮೆಣಸಿನ ಪುಡಿ, ಜೀರಿಗೆ, ಸ್ವಲ್ಪ ವಿನೆಗರ್. ಆಮೇಲೆ ಪಾತ್ರೆಯ ಬಾಯಿ ತೆರೆದೇ ಹಿತ್ತಲಿನ ಹೊಗೆ ಒಲೆಯೊಳಗೆ, ಎದೆಮಾಂಸದ ಕೆಳಗಿನ ತಂತಿಯ ಮೇಲೆ ಇಟ್ಟೆ. ಮೇಲಿನ ಕೊಬ್ಬು ತೊಟ್ಟಿಕ್ಕಬೇಕು, ಹೊಗೆ ಸಾಸಿನ ಮೇಲೆ ಕೆನೆ ಕಟ್ಟಬೇಕು, ಆ ಕೆನೆಯನ್ನು ಒಳಕ್ಕೆ ತಿರುವಬೇಕು, ಮತ್ತೆ ಕಟ್ಟಲು ಬಿಡಬೇಕು. ನಮ್ಮ ಸಾಸ್ ಅಂದರೆ ಅದೇ. ಸೀಸೆಯಲ್ಲಿ ಬರುವ ಹೊಗೆಯ ನೀರನ್ನು ಹಾಕುವುದಾದರೆ ಬದುಕಿರುವುದೇ ಬೇಡ.

ಹೊಸದಾಗಿ ಬಂದ ಹಿಕರಿ ಕಟ್ಟಿಗೆ ಹಾಕಿದೆ. ದಟ್ಟ ಬಿಳಿ ಹೊಗೆ ಬಂತು. ಬರಲಿ, ಹೊಗೆ ಜಾಸ್ತಿಯಾದರೆ ಒಳ್ಳೆಯದೇ ಎಂದುಕೊಂಡು ಓಡಿಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡೆ. ರುಚಿ ನೋಡಲಿಲ್ಲ. ಚಮಚ ತುಟಿಯ ತನಕ ತಂದೆ. ಆಗಲಿಲ್ಲ.

ಎಲ್ಲರೂ ಚೆನ್ನಾಗಿದೆ ಎಂದರು. ಚರ್ಚಿನ ಹಿರಿಯರು ಡೀಕನ್ ಪ್ರೂಯಿಟ್ ಎರಡು ಸಲ ಹೇಳಿದರು. ಗೆದ್ದೆ.

ಮೇ 9

ಬೆಳಗ್ಗೆ ಚರ್ಚಿನ ಕಸದ ಚೀಲ ಕಟ್ಟುವ ಸರದಿ ನನ್ನದಿತ್ತು. ಒಂದು ಚೀಲ ಕೈಯಲ್ಲೇ ಹರಿಯಿತು.

ಮಾಂಸವೆಲ್ಲ ಅಲ್ಲಿತ್ತು. ಬ್ರೆಡ್ಡಿನ ಕೆಳಗೆ ಅಡಗಿಸಿದ್ದು, ಕಾಗದದಲ್ಲಿ ಸುತ್ತಿದ್ದು. ಕೆಲವರು ಸಾಸನ್ನು ಒರೆಸಿ ಒರೆಸಿ ಮಾಂಸ ಮಾತ್ರ ತಿಂದಿದ್ದರು. ಕಂದು ಬಣ್ಣದ ಕಾಗದದ ಉಂಡೆಗಳು ಒಂದರ ಮೇಲೊಂದು. ಮಗುವಿನ ಕುಂಡೆ ಒರೆಸಿ ಎಸೆದ ಹಾಗೆ. ಅಲ್ಲೇ ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ. ನಾತಕ್ಕಲ್ಲ. ಆ ಚೆನ್ನಾಗಿದೆ, ಚೆನ್ನಾಗಿದೆ ಎಂಬ ಮಾತುಗಳಿಗೆ.

ಲವೀನಿಯ ಒಬ್ಬಳೇ ನೆನ್ನೆ ಏನೂ ಅಂದಿರಲಿಲ್ಲ. ಇವತ್ತು ನಾನೇ ಹೋಗಿ ಕೇಳಿದೆ. ಹಲ್ಲಿನ ಸಂದಿಯಿಂದ ಚ್ಸ್ ಎಂದು, "ಬೂದಿ ತಟ್ಟೆ ನೆಕ್ಕಿದ ಹಂಗಿತ್ತಕ್ಕ. ನಾಲಿಗೆ ಜೋಮು ಹಿಡೀತು" ಅಂದಳು.

ಹಸಿ ಕಟ್ಟಿಗೆ. ಬಿಳಿ ಹೊಗೆ. ಮೊದಲಾಗಿದ್ದರೆ ಕಟ್ಟಿಗೆಯ ಬುಡ ಮೂಸಿಯೇ ಹೇಳುತ್ತಿದ್ದೆ. ಹತ್ತು ವರ್ಷದ ಹುಡುಗ ಮಾಡದ ತಪ್ಪು.

ಮೇ 11

ಅತ್ತೆ ಹೇಳಿಕಳಿಸಿದರು. ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ಜೋರು ಮಾಡಲಿಲ್ಲ. ಡೀಕನ್ ಪ್ರೂಯಿಟ್ ಈ ಸಲ ಜೂನ್ ಹಬ್ಬಕ್ಕೆ ಸಾಸ್ ಅಂಗಡಿಯಿಂದ ತರೋಣ, ಸಿಸ್ಟರ್ ವರ್ಲೀನ್ ವಿಶ್ರಾಂತಿ ತಗೊಳ್ಳಲಿ ಎಂದರಂತೆ. ಅತ್ತೆ ಒಪ್ಪಲಿಲ್ಲವಂತೆ. ಹಬ್ಬದ ದಿನ ನಾನೇ ಬಂದು ಬ್ರೆಡ್ ಅದ್ದಿ ನೋಡ್ತೀನಿ, ಹಾಲಿಸ್ ಊಟದ ಥರಾನೇ ಇದ್ದರೆ ಪಾತ್ರೆ ನಮ್ಮನೆಗೆ ಬರಲಿ, ಲವೀನಿಯ ಕಲಿತುಕೊಳ್ಳಲಿ ಎಂದರು.

ಒಳಗೆ ಲವೀನಿಯ ಐಸ್ ಕಡಿಯುವ ಸದ್ದು ಕೇಳುತ್ತಿತ್ತು.

ಪಾತ್ರೆ ಹೋದರೆ ನಾನು ಚಾದರ ಮಡಿಸುವವಳು, ಅಷ್ಟೆ.

ಮೇ 16

ಮಾಡಿದೆ. ಚೆಲ್ಲಿದೆ. ಮತ್ತೆ ಮಾಡಿದೆ. ಇವತ್ತು ಹಟ ಹಿಡಿದು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಬೇಸಿಗೆಯಲ್ಲಿ ರಸ್ತೆ ಬದಿ ಕಾರಿಗೆ ಸಿಕ್ಕಿ ಉಬ್ಬಿದ ಪ್ರಾಣಿಯನ್ನು ಸಕ್ಕರೆಯಲ್ಲಿ ಕುದಿಸಿ ನಾಲಿಗೆಗೆ ಹಚ್ಚಿದಂತಾಯಿತು. ಸಿಹಿ ಇದ್ದದ್ದೇ ಹೆಚ್ಚು ಅಸಹ್ಯ. ಹಿತ್ತಲಿನ ಬೇಲಿ ಹಿಡಿದು ಓಕರಿಸುತ್ತಿದ್ದೆ. ಹಿಂದೆ ಯಾರೋ ನಿಂತ ಹಾಗಾಯಿತು. ನೋಡಿದರೆ ನಮ್ಮ ಬಟ್ಟಲು ವಾಪಸ್ ಕೊಡಲು ಬಂದ ಲವೀನಿಯ.

ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬೆನ್ನು ಸವರಲಿಲ್ಲ, ಅಯ್ಯೋ ಅನ್ನಲಿಲ್ಲ. ಅದೊಂದು ಪುಣ್ಯ.

"ಎಲ್ಲಾ ಹೆಣದ ವಾಸ್ನೆ ಬರ್ತಿದೆ ಅಲ್ವಾ ನಿಂಗೆ" ಅಂದಳು.

ಸೆರಗಿಲ್ಲದ ಕೈಯಿಂದಲೇ ಬಾಯಿ ಒರೆಸಿಕೊಂಡೆ.

"ಡಾರ್ನೆಲ್‌ಗೂ ಕ್ಯಾನ್ಸರ್ ಔಷ್ದಿ ಶುರುವಾದ್ಮೇಲೆ ಹಿಂಗೇ ಆಗಿತ್ತು. ನಾನು ಅಡುಗೆ ಮಾಡಿದ್ರೆ ಟವಲ್ ಬಾಯಿಗೆ ಹಿಡ್ಕೊಂಡು ಪಕ್ಕದ ರೂಮಿಗೆ ಹೋಗೋನು. ನನ್ನ ಮೈಯೂ ಅವನಿಗೆ ಆಗ್ತಿರ್ಲಿಲ್ಲ. ಗೋಡೆ ಕಡೆ ತಿರುಕ್ಕೊಂಡು ಮಲಗೋನು, ಬೆನ್ನುನೋವು ಅನ್ನೋನು."

ಹೊರಟುಹೋದಳು. ಇನ್ನು ಮುಗಿಯಿತು. ಸಂಜೆಯೊಳಗೆ ಅತ್ತೆಗೆ, ಭಾನುವಾರದೊಳಗೆ ಇಡೀ ಚರ್ಚಿಗೆ.

ಮೇ 18

ಯಾರೂ ಏನೂ ಅನ್ನುತ್ತಿಲ್ಲ. ಅವಳು ಯಾಕೆ ಹೇಳಿಲ್ಲ? ಏನು ಹೊಂಚು ಹಾಕಿದ್ದಾಳೆ?

ಮೇ 19

ಒಂದು ಡಬ್ಬಿ ಕಳಿಸಿದ್ದಾಳೆ. ಸೌತೆಕಾಯಿ ಬಿಲ್ಲೆ, ವಿನೆಗರ್, ಐಸು. ರೂಫಸ್ ಕೊಟ್ಟುಹೋದ. ಚೆಲ್ಲೋಣ ಎಂದುಕೊಂಡೆ.

ತಿಂದೆ. ಹೊಟ್ಟೆಯಲ್ಲಿ ಉಳಿಯಿತು.

ಮೇ 22, ಶನಿವಾರ

ಹೋಗಿ ಕೇಳಿದೆ. ಕೇಳುವಾಗ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ನಾನು ಮಾಡುತ್ತೇನೆ, ನೀನು ಬಾಯಿಗೆ ಹಾಕಿಕೊಂಡು ಹೇಗಿದೆ ಹೇಳು, ಯಾರಿಗೂ ತಿಳಿಯಬಾರದು, ಎಂದೆ. ಒಂದು ಪಾತ್ರೆಗೆ ಒಂದೇ ನಾಲಿಗೆ, ನಿನ್ನದೇ ಆಗಲಿ, ನನ್ನದಂತೂ ಲೆಕ್ಕಕ್ಕಿಲ್ಲ ಎಂದೆ.

ನಗುತ್ತಾಳೆ ಎಂದುಕೊಂಡಿದ್ದೆ. ಜಾಮ್ ಮಾತು ಎತ್ತುತ್ತಾಳೆ ಎಂದುಕೊಂಡಿದ್ದೆ.

"ನಂಗೆ ಸಿಹಿ ಸಾಸ್ ಕಂಡ್ರೆ ಆಗಲ್ಲ ಅಂತ ಗೊತ್ತಲ್ಲ ಅಕ್ಕ" ಅಂದಳು. "ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ. ನಾಲಿಗೆ ಮೇಲೆ ಏನಿದೆ ಅಷ್ಟೇ ಹೇಳ್ತೀನಿ."

ಅಷ್ಟೇ ಸಾಕು ಎಂದೆ. ಇಡೀ ಊರಿನಲ್ಲಿ ಈ ಸಾಸನ್ನು ಅಸಹ್ಯಪಡುವ ಒಬ್ಬಳ ನಾಲಿಗೆಯೇ ನನಗೆ ಗತಿಯಾಯಿತಲ್ಲ.

ಮೇ 30, ಭಾನುವಾರ

ಚರ್ಚ್ ಮುಗಿಸಿ ಬಂದು ಮಾಡಿದೆವು. ಹಿತ್ತಲಲ್ಲಿ ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಾನು ಮೂಗಿಗೆ ಕ್ಲಿಪ್ಪು ಹಾಕಿಕೊಂಡು ಒಲೆಯ ಹತ್ತಿರ. "ಈಜೋಕೆ ಹೊರಟಂಗಿದೀಯ" ಎಂದು ರೂಫಸ್ ನಕ್ಕು ಹೋದ. ನಮ್ಮಿಬ್ಬರ ಈ ಗುಟ್ಟು ಅವನಿಗೆ ಮಾತ್ರ ಗೊತ್ತು.

ಸಿಹಿ ಎಷ್ಟಿದೆ ಎಂದರೆ "ಸಿಹಿ ಇದೆ" ಎನ್ನುತ್ತಾಳೆ. ಅದಕ್ಕೆ ನಾನೇನು ಮಾಡಲಿ? ಯಾವ ಥರ ಸಿಹಿ, ಏನಿದ್ದ ಹಾಗಿದೆ ಹೇಳು ಎಂದು ರೇಗಿದೆ. ಕಣ್ಣು ಮುಚ್ಚಿ ಇನ್ನೊಂದು ಚಮಚ ಬಾಯಿಗೆ ಹಾಕಿಕೊಂಡಳು. ಡಾರ್ನೆಲ್‌ನ ಮಣ್ಣು ಮಾಡಿದ ವಾರ ಅಕ್ಕಪಕ್ಕದವರೆಲ್ಲ ಕೇಕ್ ತಂದಿಟ್ಟಿದ್ದರಂತೆ. ಬೇರೆ ಊಟವಿಲ್ಲದೆ ಅದನ್ನೇ ತಿಂದಳಂತೆ. ನಾಲ್ಕನೇ ಕೇಕಿನ ಹೊತ್ತಿಗೆ ಬಾಯಿ ಹೇಗಾಗಿತ್ತೋ ಹಾಗಿದೆ ಎಂದಳು.

ಇದೆಂಥ ಅಳತೆ ಎನಿಸಿತು. ಆದರೂ ಸಕ್ಕರೆ ಕಡಿಮೆ ಮಾಡಿದೆ, ಕಾಕಂಬಿಯನ್ನು ಹಾಗೇ ಬಿಟ್ಟೆ. ಮತ್ತೆ ಚಮಚ ಕೊಟ್ಟೆ.

"ಈಗ ಎರಡನೇ ಕೇಕು."

ಅವಳು ರುಚಿ ನೋಡುವುದನ್ನು ನೋಡುವುದಕ್ಕೇ ಅಸಹ್ಯ. ನಾಲಿಗೆಯನ್ನು ಕೆಳ ಹಲ್ಲಿನ ಹಿಂದೆ ಒತ್ತಿ ಇಟ್ಟುಕೊಳ್ಳುತ್ತಾಳೆ, ದವಡೆ ಎಮ್ಮೆಯಂತೆ ಪಕ್ಕಕ್ಕೆ ಸರಿಯುತ್ತದೆ. ಉಪ್ಪು ಹೆಚ್ಚಾದರೆ ಎಡ ಹುಬ್ಬು ಏಳುತ್ತದೆ. ಖಾರ ಕಡಿಮೆಯಾದರೆ ಮೂಗಿನ ಹೊಳ್ಳೆ. ಸಿಹಿ ಹೆಚ್ಚಾದರೆ ಕಿವಿಯ ಹತ್ತಿರ ಒಂದು ನರ ಕುಣಿಯುತ್ತದೆ. ಇದನ್ನೆಲ್ಲ ಗಮನಿಸುವ ಕರ್ಮ ನನಗೆ.

ಜೂನ್ 5

ಕಟ್ಟಿಗೆಯನ್ನು ಇನ್ನು ಮೂಗು ಬಿಟ್ಟು ಆರಿಸಬೇಕು. ಎರಡು ತುಂಡನ್ನು ಒಂದಕ್ಕೊಂದು ಬಡಿದು ನೋಡಿದೆ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ಧೊಪ್. ಬುಡದಲ್ಲಿ ಬಿರುಕಿದ್ದರೆ ಸರಿ. ಕೈಯಲ್ಲಿ ಹಗುರ ಇರಬೇಕು. ಇವೆಲ್ಲ ಗೊತ್ತಿದ್ದದ್ದೇ. ಮೂಗಿದ್ದಾಗ ಯಾರು ಬಡಿದು ನೋಡುತ್ತಾರೆ?

ಒಲೆ ಹತ್ತಿಸಿ ಹೊಗೆ ತೆಳ್ಳಗೆ, ನೀಲಿಗೆ ತಿರುಗುವ ತನಕ ಪಾತ್ರೆ ಇಡದೆ ಕಾದೆ. ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಅವರ ಕಡೆ ಕೆಂಡ ಮಾಡಿಕೊಂಡು ಅದರ ಮೇಲೆ ಬೇಯಿಸುತ್ತಾರಂತೆ, ಹೊಗೆಯ ಬಣ್ಣ ನೋಡುವುದು ಅವಳಿಗೆ ಹೊಸದು. ಸಣ್ಣ ಹುಡುಗಿಯ ಹಾಗೆ ಬಗ್ಗಿ ನೋಡಿದಳು. ಕೂದಲೆಣ್ಣೆಯ ನಾತ ಬಡಿಯಿತು. ಸರಿಯಲಿಲ್ಲ, ಪಾತ್ರೆ ಕೈಯಲ್ಲಿತ್ತು.

ಇವತ್ತು ರುಚಿ ನೋಡಿ ಹೇಳಿದ್ದು: "ಕಹಿ ಇಲ್ಲ. ಹೊಗೆ ಇದೆ. ಯಾರ್ದೋ ಮನೇಲಿ ಒಲೆ ಉರೀತಿದೆ, ನಾವು ರಸ್ತೆಯಲ್ಲಿ ಹೋಗ್ತಾ ಇದೀವಿ, ಹಂಗೆ."

ಜೂನ್ 12, ಶನಿವಾರ

ಜಗಳ. ಅವಳು ವಿನೆಗರ್ ಜಾಸ್ತಿ ಮಾಡು ಎಂದಳು. ಇದು ಕ್ಯಾರೊಲಿನ ಅಲ್ಲ ಎಂದೆ. ಸಿಹಿ ನಾಲಿಗೆ ಮೇಲೆ ಕೂತುಬಿಡುತ್ತೆ, ಏಳೋದೇ ಇಲ್ಲ, ಎಬ್ಬಿಸೋಕೆ ಹುಳಿ ಬೇಕು ಎಂದಳು. ಪಾತ್ರೆ ಮೇಲೆ ಕಣ್ಣಿಟ್ಟುಕೊಂಡೇ ಬಂದಿದ್ದೀಯ, ಈಗ ಅದರೊಳಗೂ ನಿನ್ನ ವಿನೆಗರ್ ಸುರಿಯಬೇಕಾ ಎಂದೆ.

ಚಮಚವನ್ನು ತೊಳೆದು, ಒರೆಸಿ, ಕಲ್ಲಿನ ಮೇಲೆ ಇಟ್ಟು ಹೋದಳು. ಹಲ್ಲಿನ ಸದ್ದೂ ಮಾಡಲಿಲ್ಲ.

ಒಳ್ಳೆಯದೇ ಆಯಿತು. ಗಾಳಿ ಬಂತು.

ಜೂನ್ 14

ಬರಲಿಲ್ಲ.

ಜೂನ್ 15

ಒಬ್ಬಳೇ ಮಾಡಿದೆ. ಪಾತ್ರೆ ಎದುರಿಗೆ ಕೂತೆ. ಚಮಚ ಎತ್ತಿ ಯಾರಿಗೆ ಕೊಡಲಿ? ರೂಫಸ್‌ಗೆ ಕೊಟ್ಟರೆ "ಸೂಪರ್" ಎನ್ನುತ್ತಾನೆ. ಅವನಿಗೆ ಚಪ್ಪಲಿ ಬೇಯಿಸಿ ಕೊಟ್ಟರೂ ಸೂಪರ್. ಆ ಕಿವಿಯ ಹತ್ತಿರದ ನರ ಕುಣಿಯದೆ ನನಗೆ ಏನೂ ತಿಳಿಯುವುದಿಲ್ಲ.

ಅತ್ತೆಯ ಔಷಧಿ ಚೀಟಿ ಕೊಡುವುದಿತ್ತು, ಅದಕ್ಕೆ ಹೋದೆ. ಲವೀನಿಯ ಬಟ್ಟೆ ಒಣಹಾಕುತ್ತಿದ್ದಳು. ಡಾರ್ನೆಲ್‌ನ ಅಂಗಿಯೊಂದಿತ್ತು. ತೊಳೆಯುವ ಅಗತ್ಯ ಏನಿತ್ತೋ, ಹಾಕಿಕೊಳ್ಳುವವನೇ ಇಲ್ಲ. ಇನ್ನೊಂದು ತುದಿ ಹಿಡಿದು ಕೊಡವಿದೆ. ಚಾದರ ಮಡಿಸಿ ಮಡಿಸಿ ಅಭ್ಯಾಸ, ಅಷ್ಟೆ.

"ಒಂದು ಬಟ್ಟಲು" ಎಂದೆ. "ಅದಕ್ಕಿಂತ ಜಾಸ್ತಿ ವಿನೆಗರ್ ಹಾಕಲ್ಲ."

"ಮುಕ್ಕಾಲು ಸಾಕು" ಅಂದಳು.

ಜೂನ್ 18, ಶುಕ್ರವಾರ

ಈ ವಾರ ಸರ್ಕಾರ ನಮ್ಮ ಜೂನ್ ಹಬ್ಬಕ್ಕೆ, ನಮ್ಮ ಹಿರಿಯರು ಗುಲಾಮಗಿರಿಯಿಂದ ಬಿಡುಗಡೆಯಾದ ದಿನಕ್ಕೆ, ದೇಶಕ್ಕೆಲ್ಲ ರಜೆ ಕೊಟ್ಟಿದೆಯಂತೆ. ರೂಫಸ್ ಫೋನಿನಲ್ಲಿ ಓದಿ ಹೇಳಿದ. ಅತ್ತೆ, "ನಾನೇನು ಇಷ್ಟು ವರ್ಷ ಅವರ ಅಪ್ಪಣೆ ಕೇಳ್ಕೊಂಡು ರಜಾ ತಗೊಂಡಿದ್ನಾ?" ಎಂದರು.

ನಾಳೆಯ ಸಾಸ್ ಆಯಿತು. ಬೆಳಗಿನಿಂದ ಹೊಗೆಯಲ್ಲಿ ನಿಂತು ನನ್ನ ಚರ್ಮವೇ ಕೊಳೆತ ಹಾಗಿದೆ. ಮೂರು ಸಲ ಬೇಲಿಗೆ ಓಡಿದೆ. ಅವಳು ಪ್ರತಿ ಸಲವೂ ಪಾತ್ರೆ ತಿರುವುತ್ತಾ ನಿಂತಿದ್ದಳು. ಕೊನೆಯ ಚಮಚ ಕೊಟ್ಟೆ. ಹುಬ್ಬು ಏಳಲಿಲ್ಲ, ನರ ಕುಣಿಯಲಿಲ್ಲ. ಹೇಗಿದೆ ಎಂದೆ. ಚಮಚ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಹೋಗಿಬಿಟ್ಟಳು.

ಏನರ್ಥ? ಕೆಟ್ಟಿದೆಯೇ? ಕೂಗಿ ಕೇಳೋಣ ಎಂದರೆ ವರಾಂಡದಲ್ಲಿ ಅತ್ತೆ. ನಾಳೆ ಪಾತ್ರೆ ಹೋಗುತ್ತದೆ. ಹೋಗಲಿ. ಹೋಗದಿರಲಿ ದೇವರೇ.

ಜೂನ್ 20, ಭಾನುವಾರ

ನೆನ್ನೆ ಬರೆಯಲು ಕೈ ಬರಲಿಲ್ಲ. ಇವತ್ತು ಬರೆಯುತ್ತೇನೆ.

ಚರ್ಚಿನ ಅಂಗಳದಲ್ಲಿ ಉದ್ದ ಮೇಜುಗಳು, ಕೆಂಪು ಶರಬತ್ತಿನ ಡ್ರಮ್ಮು, ಮಕ್ಕಳ ಬಾಯೆಲ್ಲ ಕೆಂಪು. ಅತ್ತೆ ಬಿಳಿ ಹ್ಯಾಟು ಹಾಕಿಕೊಂಡು ಬಂದು ನಡುವಿನ ಕುರ್ಚಿಯಲ್ಲಿ ಕೂತರು. ಡೀಕನ್ ಪ್ರೂಯಿಟ್ ಅವರ ಹಿಂದೆ ನಿಂತರು. ಮೇಜಿನ ಕೆಳಗೆ ಅಂಗಡಿ ಸಾಸಿನ ಸೀಸೆಗಳಿದ್ದ ಪೆಟ್ಟಿಗೆ ಇತ್ತು, ನೋಡಿದೆ. ನನಗೆ ಕಾಣದ ಹಾಗೆ ಕಾಲಿನಿಂದ ಒಳಕ್ಕೆ ತಳ್ಳಿದರು. ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದಾರೆ.

ಅತ್ತೆ ಬಿಳಿ ಬ್ರೆಡ್ ಮಡಿಸಿ ಪಾತ್ರೆಯಲ್ಲೇ ಅದ್ದಿದರು. ಬಾಯಿಗಿಟ್ಟರು. ಹಲ್ಲಿಲ್ಲದ ದವಡೆ ನಿಧಾನಕ್ಕೆ ಆಡಿತು.

"ಇದು ನಂದಲ್ಲ" ಅಂದರು.

ಮೇಜಿನ ಕೆಳಗಿನ ಪೆಟ್ಟಿಗೆಯ ಕಡೆ ನೋಡಿದೆ.

"ಯಾರ ನಾಲಿಗೆ ಇದು?"

ನಾನು ಬಾಯಿ ತೆರೆಯುವ ಮುಂಚೆ ಲವೀನಿಯ ಮುಂದೆ ಬಂದಳು. "ವರ್ಲೀನ್ ಅಕ್ಕಂದೇ ಅತ್ತೆ. ಇನ್ಯಾರ್ದು? ನಾನು ಈರುಳ್ಳಿ ಸುಲಿದುಕೊಟ್ಟೆ, ಅಷ್ಟೇ." ಹೇಳಿ ನನ್ನ ಕಡೆ ನೋಡಿ ಚ್ಸ್ ಎಂದು ಹಲ್ಲು ಎಳೆದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಪಾತ್ರೆ ಉಳಿಯುತ್ತಿತ್ತು. ಆದರೆ ಆ ಹಾಲಿಸ್ ಊಟದ ಚೆನ್ನಾಗಿದೆ, ಚೆನ್ನಾಗಿದೆ ಎಲ್ಲ ಗಂಟಲಿಗೆ ಬಂತು. ಕಾಗದದ ಉಂಡೆಗಳು ಕಣ್ಣಿಗೆ ಬಂದವು. ಇವಳು ಸುಳ್ಳು ಹೇಳಲ್ಲ ಅಂದಿದ್ದವಳು. ನನಗೋಸ್ಕರ ಹೇಳುತ್ತಾಳೆಯೇ? ಇವಳ ಭಿಕ್ಷೆ ನನಗೆ ಬೇಡ.

"ಸುಳ್ಳು ಹೇಳ್ತಿದಾಳೆ" ಎಂದೆ. "ಕೈ ನಂದು, ನಾಲಿಗೆ ಅವಳ್ದು. ಮಾರ್ಚಿಂದ ನಂಗೆ ಎಲ್ಲಾ ಹೆಣದ ವಾಸ್ನೆ ಅತ್ತೆ. ಊಟ, ಸೋಪು, ಗಂಡ, ಎಲ್ಲಾ. ನಿಮ್ಮ ಪಕ್ಕ ಕೂತ್ರೂ ಬರುತ್ತೆ."

ರೂಫಸ್ ಆಚೆ ಮೇಜಿನಿಂದ ನನ್ನನ್ನೇ ನೋಡುತ್ತಿದ್ದ. ಬೆನ್ನುನೋವಿನ ವಿಷಯ ಅವನಿಗೆ ಆಗ ತಿಳಿದಿರಬೇಕು.

ಅತ್ತೆ ಬಾಯಲ್ಲಿದ್ದದ್ದನ್ನು ನುಂಗಿದರು. "ನನ್ನ ಪಕ್ಕ ಕೂತ್ರೆ ಬರೋದಕ್ಕೆ ನಿನ್ನ ಮೂಗನ್ನ ಬೈಬೇಡ. ನಂಗೆ ಎಂಬತ್ತೆಂಟು ವರ್ಷ" ಅಂದರು. ಯಾರೋ ಕಿಸಕ್ ಎಂದರು, ಆಮೇಲೆ ಎಲ್ಲರೂ.

"ಒಂದು ಪಾತ್ರೆಗೆ ಒಂದೇ ನಾಲಿಗೆ ಅಂದಿದ್ದೆ" ಅಂದರು ಅತ್ತೆ.

"ಒಂದೇ ಇತ್ತು ಅತ್ತೆ" ಅಂದಳು ಲವೀನಿಯ. "ಇವಳದು ಕೆಲಸಕ್ಕೇ ಬರಲ್ಲ."

ಅತ್ತೆ ಇಬ್ಬರನ್ನೂ ನೋಡಿದರು. "ನಂದಲ್ಲ ಅಂದೆ. ಚೆನ್ನಾಗಿಲ್ಲ ಅಂದ್ನಾ? ಇನ್ನೊಂದು ಚೂರು ಬ್ರೆಡ್ ಕೊಡಿ. ಪಾತ್ರೆ ಯಾರ್ದು ಅಂತ ನಾನು ಸತ್ಮೇಲೆ ಕಿತ್ತಾಡ್ಕೊಳ್ಳಿ. ಖಾಲಿಯಾದ್ಮೇಲೆ ಇಬ್ರೂ ಹೋಗಿ ತೊಳೀರಿ."

ಖಾಲಿಯಾಯಿತು. ಕಸದ ಚೀಲಗಳನ್ನು ನಾನೇ ಬಿಚ್ಚಿ ನೋಡಿದೆ. ಮೂಳೆ, ಮೂಳೆ, ಮೂಳೆ. ಡೀಕನ್ ಪ್ರೂಯಿಟ್ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದಿದ್ದರು.

ಪಾತ್ರೆಗೆ ಲವೀನಿಯ ಎಷ್ಟೊಂದು ಸೋಪು ಸುರಿದಳೆಂದರೆ! ನಮ್ಮಲ್ಲಿ ಬಿಸಿನೀರು ಮತ್ತು ಬಟ್ಟೆ ಮಾತ್ರ. ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಮುಂದಿನ ಸಲ ಕೈಯಿಂದ ಕಿತ್ತುಕೊಳ್ಳುತ್ತೇನೆ.

ಜೂನ್ 22

ರೂಫಸ್ ಬಸ್ಸಿನಿಂದ ಬಂದು ಬಾಗಿಲಲ್ಲೇ ನಿಂತ. ಎಷ್ಟು ದೂರ ನಿಲ್ಲಲಿ ಹೇಳು ಎಂದ. ಅಲ್ಲೇ ಕುರ್ಚಿ ಹಾಕಿಕೊಟ್ಟೆ. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವನು. ಕತ್ತಲಾಗುವ ತನಕ ಮಾತಾಡಿದೆವು. ನಾತ ಇಲ್ಲಿಯ ತನಕ ಬರಲಿಲ್ಲ.

ಜೂನ್ 29, ಮಂಗಳವಾರ

ಲವೀನಿಯ ನೆನ್ನೆ ಬಸ್ಸು ಹತ್ತಿದಳು. ಕ್ಯಾರೊಲಿನದಲ್ಲಿ ಬೀಗ ಹಾಕಿದ ಮನೆ ನೋಡಿಕೊಂಡು ಬರಬೇಕಂತೆ. ಎರಡು ವಾರ ಆಗಬಹುದು, ಅಲ್ಲೇ ಉಳಿದರೂ ಉಳಿದೆ ಎಂದಳು. ಉಳಿದುಕೋ, ಯಾರು ಬೇಡ ಅಂದರು ಎಂದೆ.

ಮನೆ ಶಾಂತವಾಗಿದೆ. ಐಸ್ ಕಡಿಯುವವರಿಲ್ಲ. ಹಲ್ಲು ಎಳೆಯುವವರಿಲ್ಲ. ಚಮಚಗಳಲ್ಲಿ ಒಂದು ಕಡಿಮೆ ಇದೆ, ಹದಿನೆಂಟರಂದು ಒಯ್ದದ್ದನ್ನು ವಾಪಸ್ ಕೊಟ್ಟೇ ಇಲ್ಲ. ಕಳ್ಳಿ.

ಹಬ್ಬದ ಹಿಂದಿನ ದಿನ ತಂದ ಅವಳ ವಿನೆಗರ್ ಸೀಸೆ ನನ್ನ ಕಿಟಕಿಯ ಮೇಲೇ ಉಳಿದಿದೆ. ಅದನ್ನು ನೋಡಿದರೇ ಮೈ ಉರಿಯುತ್ತದೆ. ಸಿಂಕಿಗೆ ಸುರಿದುಬಿಡೋಣ ಎಂದು ಬೆಳಗ್ಗೆ ಮುಚ್ಚಳ ತೆಗೆದೆ. ಮೊದಲು ಸೂಜಿ ಚುಚ್ಚಿತು, ಎಂದಿನಂತೆ. ಆಮೇಲೆ, ಸೂಜಿಯ ಹಿಂದೆ, ಸೇಬು.

ಮತ್ತೆ ಮೂಸಿದೆ. ಸೇಬೇ. ಸ್ವಲ್ಪ ಕಂದಿದ, ಬುಟ್ಟಿಯ ತಳದ ಸೇಬು.

ಕಾಫಿ ಮೂಸಿ ನೋಡಲು ಗ್ಯಾರೇಜಿಗೆ ಓಡಿದೆ. ಇಲಿ, ರಬ್ಬರು. ಈರುಳ್ಳಿ ಕೊಯ್ದೆ. ಹೆಣ. ವಾಪಸ್ ಬಂದು ಸೀಸೆ ಹಿಡಿದೆ. ಸೇಬು.

ಸಿಂಕಿಗೆ ಸುರಿಯಲಿಲ್ಲ. ಮುಚ್ಚಳವನ್ನೂ ಹಾಕಿಲ್ಲ, ಸಂಜೆಯಾಯಿತು, ಅಡುಗೆಮನೆಯೆಲ್ಲ ಅದೇ ವಾಸನೆ. ಇಷ್ಟು ದೊಡ್ಡ ಸೀಸೆಯನ್ನು ಯಾರದೋ ಮನೆಯಲ್ಲಿ ಬಿಟ್ಟು ಹೋಗುವುದೆಂದರೆ ಏನು? ನಾಳೆ ಫೋನ್ ಮಾಡಿ ಚೆನ್ನಾಗಿ ಬೈಯಬೇಕು. ಬಂದು ಅವಳೇ ಒಯ್ಯಲಿ.